ನಿರಾಶ್ರಿತರ ಶಿಬಿರಗಳ ಮೇಲೆ ಬಾಂಬಿನ ದಾಳಿ

ಯುದ್ಧದಲ್ಲಿ ಸೈನಿಕನು ಸೈನಿಕನನ್ನು ಕೊಲ್ಲುವುದು ಪ್ರಪಂಚಕ್ಕೆ ಹೊಸದಲ್ಲ. ಆದರೆ ಮನೆ ಕಳೆದುಕೊಂಡು, ಹೊಲ ಬಿಟ್ಟು, ಕೈಗೆ ಸಿಕ್ಕ ಪಾತ್ರೆಪಡಗವನ್ನು ಗಂಟು ಕಟ್ಟಿಕೊಂಡು ಬಂದು, ಯಾರೋ ಹಾಕಿಸಿಕೊಟ್ಟ ತಗಡಿನ ಸೂರಿನ ಕೆಳಗೆ ಮಲಗಿರುವವರನ್ನು ಹುಡುಕಿಕೊಂಡು ಹೋಗಿ ಕೊಲ್ಲುವುದೆಂದರೇನು? ಅವರ ಕೈಯಲ್ಲಿ ಆಯುಧವಿಲ್ಲ. ಕಿತ್ತುಕೊಳ್ಳೋಣವೆಂದರೆ ಆಸ್ತಿಯೂ ಇಲ್ಲ. ಹೋದ ವರ್ಷ ನಮ್ಮ ಚರ್ಚಾಕೂಟದಲ್ಲಿ ಮಿತ್ರರೊಬ್ಬರು ಈ ಪ್ರಶ್ನೆಯನ್ನೆತ್ತಿ, "ಇದು ಬರಿಯ ಹುಚ್ಚು, ಇದಕ್ಕೆ ಕಾರಣ ಹುಡುಕುವುದು ವ್ಯರ್ಥ" ಎಂದು ಹೇಳಿ ಕುಳಿತರು. ಸಭೆಯೂ ತಲೆದೂಗಿ ಮುಂದಿನ ವಿಷಯಕ್ಕೆ ಹೋಯಿತು. ನನಗೆ ಮಾತ್ರ ಆ ಉತ್ತರ ಸಾಲದೆನಿಸಿತು. ಹುಚ್ಚಿಗೆ ಕ್ರಮವಿರುವುದಿಲ್ಲ. ಈ ದಾಳಿಗಳಾದರೋ ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ಸಿದ್ಧಾಂತಗಳ ಹೆಸರಿನಲ್ಲಿ, ಬಹುಮಟ್ಟಿಗೆ ಒಂದೇ ಬಗೆಯಾಗಿ ನಡೆದಿವೆ. ಕಾರಣ ತಿಳಿದರೆ ತಡೆಯುವ ದಾರಿಯೂ ಅಲ್ಪಸ್ವಲ್ಪ ತಿಳಿದೀತು ಎಂಬ ನಂಬಿಕೆಯಿಂದ, ನಾನು ಓದಿ ಗ್ರಹಿಸಿದಷ್ಟನ್ನು ಸಹಪಾಠಿಗಳ ಮತ್ತು ಅಧ್ಯಾಪಕರ ಮುಂದೆ ಇಡುತ್ತಿದ್ದೇನೆ.

ಮೊದಲು ಮಾತುಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳೋಣ. ಹಿಂಸೆಗೆ ಹೆದರಿ ದೇಶದ ಗಡಿಯನ್ನು ದಾಟಿದವರನ್ನು ಅಂತರರಾಷ್ಟ್ರೀಯ ಕಾನೂನು ನಿರಾಶ್ರಿತರೆಂದು ಕರೆಯುತ್ತದೆ. ಗಡಿಯನ್ನು ದಾಟದೆ ತಮ್ಮ ದೇಶದೊಳಗೇ ನೆಲೆ ತಪ್ಪಿದವರು ಸ್ಥಳಾಂತರಿತರು. ಆಡುಮಾತಿನಲ್ಲಿ ಇಬ್ಬರನ್ನೂ ನಾವು ನಿರಾಶ್ರಿತರೆಂದೇ ಅನ್ನುತ್ತೇವೆ. ಆದರೆ ವ್ಯತ್ಯಾಸ ಸಣ್ಣದಲ್ಲ. ಮೊದಲಿನವರ ಬೆನ್ನಿಗೆ ೧೯೫೧ರ ಅಂತರರಾಷ್ಟ್ರೀಯ ಒಡಂಬಡಿಕೆಯೊಂದಿದೆ. ಭಾರತ ಅದಕ್ಕೆ ಸಹಿ ಹಾಕಿಲ್ಲವೆಂಬುದು ಬೇರೆ ಮಾತು. ಎರಡನೆಯವರಿಗೆ ಅವರ ಸರ್ಕಾರವೇ ಗತಿ. ಆ ಸರ್ಕಾರದೊಡನೆಯೇ ದಂಗೆಕೋರರು ಹೋರಾಡುತ್ತಿರುವಾಗ, ಸರ್ಕಾರದ ಸೂರಿನ ಕೆಳಗೆ ಬಂದವರ ಪಾಡು ಏನು? ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾದಂತೆ ಎಂದು ನಮ್ಮ ಹಿರಿಯರು ಹೇಳುವುದು ಇಂಥ ಪ್ರಸಂಗಕ್ಕೇ.

ಇನ್ನು 'ಶಿಬಿರ' ಎಂಬ ಮಾತು. ನಮ್ಮ ಕಾವ್ಯಗಳಲ್ಲಿ ಶಿಬಿರವೆಂದರೆ ಸೇನೆಯ ಬೀಡು, ಪಾಳೆಯ. ಶಂಕರಪುರಂ, ಚಾಮರಾಜಪೇಟೆ, ಬಸವನಗುಡಿಗಳಲ್ಲಿ ಬೆಳೆದವರು ಎಲ್ಲಿಯಾದರೊಂದು ಕಡೆ ಗದಾಪರ್ವದ ಗಮಕ ವಾಚನವನ್ನು ಕೇಳಿಯೇ ಇರುತ್ತಾರೆ. ಇರುಳಿನಲ್ಲಿ ಅಶ್ವತ್ಥಾಮನು ಪಾಳೆಯವನ್ನು ಹೊಕ್ಕು ನಿದ್ರಿಸುತ್ತಿದ್ದವರನ್ನು ಕೊಂದನು. ಕೃಪ ಕೃತವರ್ಮರು ಬಾಗಿಲಲ್ಲಿ ನಿಂತು, ಪ್ರಾಣ ಉಳಿಸಿಕೊಳ್ಳಲು ಹೊರಗೆ ಓಡಿಬಂದವರನ್ನು ಕಡಿದರು. ಅಲ್ಲಿ ಮಲಗಿದ್ದವರು ಆಯುಧ ಹಿಡಿದು ಯುದ್ಧ ಮಾಡಿದ್ದವರೇ. ಆದರೂ ಆ ಕೃತ್ಯವನ್ನು ನಮ್ಮ ಪರಂಪರೆ ಪರಾಕ್ರಮವೆಂದು ಎಣಿಸಲಿಲ್ಲ. ಈಗ ಅದೇ ಮಾತನ್ನು ನಾವು ಹೆಂಗಸರು, ಮಕ್ಕಳು, ಮುದುಕರು ತಂಗಿರುವ ತಾಣಕ್ಕೆ ಬಳಸುತ್ತಿದ್ದೇವೆ. ಈ ಎರಡು ಅರ್ಥಗಳು ಒಂದರೊಳಗೊಂದು ಬೆರೆತುಹೋದಾಗಲೇ ಅನಾಹುತ ಆರಂಭವಾಗುತ್ತದೆಂಬುದನ್ನು ಮುಂದೆ ಕಾಣಬಹುದು.

ಶಿಬಿರವಾಸ ನಮ್ಮ ಊರಿಗೂ ಅಪರಿಚಿತವಲ್ಲ. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಪೇಟೆಯ ಎಷ್ಟೋ ಸಂಸಾರಗಳು ಮನೆಗಳನ್ನು ತೊರೆದು ಊರಾಚೆಯ ಬಯಲಿನಲ್ಲಿ ಷೆಡ್ಡುಗಳಲ್ಲಿ ದಿನ ಕಳೆದವು. ಬಸವನಗುಡಿ ಮಲ್ಲೇಶ್ವರಗಳು ಗಾಳಿ ಬೆಳಕಿನ ಹೊಸ ಬಡಾವಣೆಗಳಾಗಿ ಬೆಳೆದದ್ದು ಆ ಮಾರಿಯ ಪಾಠದಿಂದ. "ಷೆಡ್ಡಿನಲ್ಲಿದ್ದಾಗ ಇಲಿ ಕಂಡರೆ ಹೆದರುತ್ತಿದ್ದರಂತೆ, ಮನುಷ್ಯರನ್ನು ಕಂಡು ಹೆದರುತ್ತಿರಲಿಲ್ಲವಂತೆ" ಎಂದು ನಮ್ಮಜ್ಜಿ ತಮ್ಮ ಹಿರಿಯರಿಂದ ಕೇಳಿದ್ದನ್ನು ಹೇಳುತ್ತಿದ್ದರು. ನಾನೀಗ ಹೇಳಹೊರಟಿರುವ ಶಿಬಿರಗಳಲ್ಲಿ ಮನುಷ್ಯನೇ ಭಯದ ಮೂಲ.

ಇಂಥ ದಾಳಿಗಳು ಪದೇ ಪದೇ ನಡೆದಿರುವುದು ಆಫ್ರಿಕದ ನೈಜೀರಿಯ ದೇಶದ ಈಶಾನ್ಯ ಭಾಗದಲ್ಲಿ. ಅಲ್ಲಿನ ಮೈದುಗುರಿ ನಗರದಲ್ಲಿ ಹುಟ್ಟಿದ ಬೊಕೊ ಹರಾಮ್ ಎಂಬ ಗುಂಪು ೨೦೦೯ರಿಂದ ಸರ್ಕಾರದ ವಿರುದ್ಧ ಸಶಸ್ತ್ರ ದಂಗೆಗೆ ಇಳಿಯಿತು. ಹಳ್ಳಿಗಳನ್ನು ಸುಟ್ಟಿತು; ೨೦೧೪ರ ಏಪ್ರಿಲಿನಲ್ಲಿ ಚಿಬೊಕ್ ಎಂಬ ಊರಿನ ಶಾಲೆಯಿಂದ ೨೭೬ ಮಂದಿ ವಿದ್ಯಾರ್ಥಿನಿಯರನ್ನು ಹೊತ್ತೊಯ್ದಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ನೆಲೆ ತಪ್ಪಿದರು. ಹಾಗೆ ಓಡಿಬಂದವರ ಶಿಬಿರಗಳಲ್ಲಿ ಒಂದು, ಮೈದುಗುರಿಯಿಂದ ಸುಮಾರು ೯೦ ಕಿಲೋಮೀಟರ್ ದೂರದ ದಿಕ್ವಾ ಎಂಬಲ್ಲಿ ಇತ್ತು. ೨೦೧೬ರ ಫೆಬ್ರವರಿ ೯ರ ಬೆಳಗ್ಗೆ, ನೆಲೆ ತಪ್ಪಿ ಬಂದವರಂತೆ ನಟಿಸಿ ಒಳಹೊಕ್ಕ ಇಬ್ಬರು ಹೆಂಗಸರು ಜನರ ನಡುವೆ ಮೈಗೆ ಕಟ್ಟಿಕೊಂಡಿದ್ದ ಬಾಂಬುಗಳನ್ನು ಸಿಡಿಸಿದರು. ಕಡಿಮೆಯೆಂದರೂ ೫೮ ಮಂದಿ ಸತ್ತರು. ಆ ಸೀಮೆಯಲ್ಲಿ ದೂರವಾಣಿ ವ್ಯವಸ್ಥೆ ಕೆಟ್ಟುಹೋಗಿದ್ದುದರಿಂದ ಸುದ್ದಿ ಒಡನೆ ಹೊರಗೆ ಬರಲೂ ಇಲ್ಲ.

ಈ ಘಟನೆಯಲ್ಲಿ ನನ್ನ ಮನಸ್ಸನ್ನು ಹಿಡಿದ ಅಂಶ ಇನ್ನೊಂದುಂಟು. ಬಂದವರು ಇಬ್ಬರಲ್ಲ, ಮೂವರು. ಮೂರನೆಯವಳು ಎಳೆಯ ಹುಡುಗಿ. ತನ್ನ ಮನೆಯವರು ಇದೇ ಶಿಬಿರದಲ್ಲಿರಬಹುದೆಂಬ ಅರಿವಾಗಿ ಅವಳು ಬಾಂಬನ್ನು ಸಿಡಿಸಲಿಲ್ಲ. ಅಧಿಕಾರಿಗಳ ಕೈಗೆ ಸಿಕ್ಕಳು. ಅಂದರೆ ಬಾಂಬು ಹೊತ್ತು ಬಂದವಳೂ ಆ ನಿರಾಶ್ರಿತರ ಮನೆಯ ಮಗಳೇ. ಇದು ಅಪವಾದವೂ ಅಲ್ಲ. ೨೦೧೪ರಿಂದ ೨೦೧೭ರ ಮಾರ್ಚಿಯವರೆಗೆ ನೈಜೀರಿಯ ಮತ್ತು ಅದರ ನೆರೆಯ ಮೂರು ದೇಶಗಳಲ್ಲಿ ೧೧೭ ಮಕ್ಕಳನ್ನು ಇಂಥ ಕೆಲಸಕ್ಕೆ ಬಳಸಲಾಯಿತೆಂದೂ ಅವರಲ್ಲಿ ಹೆಣ್ಣುಮಕ್ಕಳೇ ಬಹುಪಾಲೆಂದೂ ಯುನಿಸೆಫ್ ಸಂಸ್ಥೆ ಲೆಕ್ಕ ಕೊಟ್ಟಿದೆ.

ಆಫ್ರಿಕ ನಮಗೆ ದೂರವೆನ್ನುವವರು ಸಮುದ್ರದಾಚೆಯ ನೆರೆಯನ್ನು ನೋಡಬಹುದು. ಶ್ರೀಲಂಕಾದ ಯುದ್ಧದ ಕೊನೆಯ ತಿಂಗಳುಗಳಲ್ಲಿ ತಮಿಳು ನಾಗರಿಕರು ಎಲ್.ಟಿ.ಟಿ.ಇ. ಹಿಡಿತದ ಪ್ರದೇಶದಿಂದ ತಪ್ಪಿಸಿಕೊಂಡು ಸೇನೆಯ ಕಡೆಗೆ ಬರುತ್ತಿದ್ದರು. ೨೦೦೯ರ ಫೆಬ್ರವರಿ ೯ರಂದು ವಿಶ್ವಮಡು ಎಂಬಲ್ಲಿ, ಹಾಗೆ ಬಂದವರನ್ನು ತಪಾಸಣೆ ಮಾಡಿ ಒಳಕ್ಕೆ ಬಿಡುವ ಜಾಗದಲ್ಲಿ, ಅವರ ನಡುವೆಯೇ ಬಂದಿದ್ದ ಒಬ್ಬ ಹೆಂಗಸು ಬಾಂಬು ಸಿಡಿಸಿದಳು. ಸೇನೆ ಕೊಟ್ಟ ಲೆಕ್ಕದಂತೆ ಸತ್ತವರು ೨೮; ಅವರಲ್ಲಿ ಸೈನಿಕರೂ ಇದ್ದರು, ನೆಲೆ ತಪ್ಪಿ ಬಂದ ನಾಗರಿಕರೂ ಇದ್ದರು.

ನಮ್ಮ ದೇಶದಲ್ಲೂ ಇದಕ್ಕೆ ಹತ್ತಿರದ ಪ್ರಸಂಗವಿದೆ. ಛತ್ತೀಸಗಢದ ಬಸ್ತರ್ ಸೀಮೆಯಲ್ಲಿ ೨೦೦೫ರ ಜೂನ್ ತಿಂಗಳಿನಲ್ಲಿ ಮಾವೋವಾದಿಗಳ ವಿರುದ್ಧ 'ಸಲ್ವಾ ಜುಡುಂ' ಎಂಬ ಚಳವಳಿ ಸರ್ಕಾರದ ಬೆಂಬಲದೊಡನೆ ಆರಂಭವಾಯಿತು. ಕಾಡಿನ ಹಳ್ಳಿಗಳು ಖಾಲಿಯಾದವು. ಕೆಲವರು ಮಾವೋವಾದಿಗಳಿಗೆ ಹೆದರಿ ತಾವಾಗಿ ಬಂದರು. ಕೆಲವರನ್ನು ಬಲವಂತವಾಗಿ ಕರೆತರಲಾಯಿತು. ಎಲ್ಲರನ್ನೂ ಹೆದ್ದಾರಿಯ ಬದಿಯ ಶಿಬಿರಗಳಲ್ಲಿ ಇರಿಸಿದರು. ಅವುಗಳಲ್ಲಿ ಎರ್ರಬೋರ್ ಒಂದು. ೨೦೦೬ರ ಜುಲೈ ೧೭ರ ನಸುಕಿನಲ್ಲಿ ನೂರಾರು ಮಾವೋವಾದಿಗಳು ಅದನ್ನು ಮುತ್ತಿ, ಗುಡಿಸಲುಗಳಿಗೆ ಬೆಂಕಿಯಿಟ್ಟು, ಮೂವತ್ತಕ್ಕೂ ಹೆಚ್ಚು ಮಂದಿಯನ್ನು ಕೊಂದರು. ಹೆಂಗಸರು ಮಕ್ಕಳೂ ಬೆಂದುಹೋದರು. ಇಲ್ಲಿ ಬಾಂಬಿಗಿಂತ ಬೆಂಕಿ ಕತ್ತಿಗಳೇ ಮುಖ್ಯ ಆಯುಧಗಳು. ಆದರೆ ದಾಳಿಯ ಸ್ವರೂಪ ಒಂದೇ.

ಈಗ ಕಾರಣಗಳ ವಿಚಾರ. ನನಗೆ ತೋರಿದಂತೆ ಅವು ಸ್ಥೂಲವಾಗಿ ಮೂರು.

ಒಂದನೆಯದು, ಊರು ಬಿಟ್ಟು ಹೊರಟವನ ನಡಿಗೆಯೇ ಒಂದು ತೀರ್ಪು. ದಂಗೆಕೋರರು ಯಾವಾಗಲೂ ಜನರ ಹೆಸರಿನಲ್ಲಿ ಮಾತನಾಡುತ್ತಾರೆ. ಆ ಜನರೇ ರಾತ್ರೋರಾತ್ರಿ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಎದುರು ಪಕ್ಷದ ಕಡೆಗೆ ನಡೆದುಹೋದರೆ, ಸಾವಿರ ಭಾಷಣಗಳು ಸುಳ್ಳಾಗುತ್ತವೆ. ಹೋದವರನ್ನು ಶಿಕ್ಷಿಸುವುದು, ಹೋಗಬೇಕೆಂದಿರುವವರನ್ನು ತಡೆಯುವುದು, ಈ ಎರಡೂ ಶಿಬಿರದ ಮೇಲಿನ ಒಂದೇ ದಾಳಿಯಿಂದ ಸಾಧಿಸುತ್ತವೆ. ವಿಶ್ವಮಡುವಿನ ಬಾಂಬು ಸೈನಿಕರಿಗೆ ಹಾಕಿದ್ದೆಂದೇ ಇಟ್ಟುಕೊಳ್ಳೋಣ. ಅದರ ಸದ್ದು ಕೇಳಬೇಕಾಗಿದ್ದುದು ಇನ್ನೂ ಹಿಂದೆ ಉಳಿದಿದ್ದ ಸಂಸಾರಗಳಿಗೆ.

ಎರಡನೆಯದು, ಶಿಬಿರ ಸುಲಭವಾದ ಗುರಿ. ಹಳ್ಳಿಯಲ್ಲಿ ಜನ ಚದುರಿ ಇರುತ್ತಾರೆ. ಹಿತ್ತಿಲಿದೆ, ಓಣಿಯಿದೆ, ಓಡಲು ಹೊಲವಿದೆ. ಶಿಬಿರದಲ್ಲಿ ಸಾವಿರಾರು ಜನ ಒತ್ತೊತ್ತಾಗಿ ಇರುತ್ತಾರೆ. ಒಂದು ಬಾಗಿಲು, ಒಂದು ನೀರಿನ ನಲ್ಲಿ, ಅನ್ನಕ್ಕೆ ಒಂದು ಸಾಲು. ಯಾವ ಹೊತ್ತಿಗೆ ಎಲ್ಲಿ ಎಷ್ಟು ಜನ ಕೂಡುತ್ತಾರೆಂಬುದು ಎಲ್ಲರಿಗೂ ಗೊತ್ತು. ದಿನವೂ ಹೊಸಬರು ಬರುತ್ತಿರುವುದರಿಂದ ಗುರುತಿಲ್ಲದ ಮುಖವನ್ನು ಕಂಡು ಯಾರೂ ಬೆರಗಾಗುವುದಿಲ್ಲ. ಸರ್ಕಾರ ತನ್ನ ರಕ್ಷಣೆಯ ಮಾತನ್ನು ಕೊಟ್ಟಿರುವುದೂ ಅಲ್ಲಿಯೇ. ಅಲ್ಲಿ ಹೊಡೆದರೆ ಆ ಮಾತು ಪೊಳ್ಳೆಂದು ದೇಶಕ್ಕೆಲ್ಲ ತೋರಿಸಿದಂತಾಗುತ್ತದೆ.

ಮೂರನೆಯದನ್ನು ಹೇಳುವಾಗ ಎಚ್ಚರಿಕೆ ಬೇಕು. ಕೊಂದವನಿಗೆ ಅದು ಸಮರ್ಥನೆಯೆಂದು ಯಾರೂ ತಿಳಿಯಕೂಡದು. ಶಿಬಿರವನ್ನು ಯುದ್ಧದ ಸಾಧನವನ್ನಾಗಿ ಮಾಡಿಕೊಂಡಾಗ ಅದರ ರಕ್ಷಣೆಯ ಗೋಡೆ ಒಳಗಿನಿಂದಲೇ ಬಿರುಕು ಬಿಡುತ್ತದೆ. ಸಲ್ವಾ ಜುಡುಂ ಶಿಬಿರಗಳಲ್ಲಿದ್ದ ಆದಿವಾಸಿ ಯುವಕರನ್ನು ವಿಶೇಷ ಪೊಲೀಸ್ ಅಧಿಕಾರಿಗಳೆಂದು ನೇಮಿಸಿ, ಕೈಗೆ ಬಂದೂಕು ಕೊಟ್ಟು, ಮಾವೋವಾದಿಗಳ ವಿರುದ್ಧ ಕಳುಹಿಸಲಾಗುತ್ತಿತ್ತು. ಒಂದೇ ಸೂರಿನ ಕೆಳಗೆ ಅಣ್ಣ ಬಂದೂಕುಧಾರಿ, ಪಕ್ಕದಲ್ಲಿ ತಂಗಿ, ಮಗು. ದಾಳಿ ಮಾಡಿದವರು ಬಂದೂಕನ್ನು ನೆಪವಾಗಿ ತೋರಿಸಿ ಮಗುವನ್ನೂ ಸುಟ್ಟರು. ೨೦೧೧ರ ಜುಲೈ ೫ರಂದು ನ್ಯಾಯಮೂರ್ತಿಗಳಾದ ಬಿ. ಸುದರ್ಶನ ರೆಡ್ಡಿ ಮತ್ತು ಎಸ್.ಎಸ್. ನಿಜ್ಜರ್ ಅವರಿದ್ದ ಸುಪ್ರೀಂ ಕೋರ್ಟಿನ ಪೀಠವು, ಹೀಗೆ ಅಲ್ಪಸ್ವಲ್ಪ ಓದಿನ ಆದಿವಾಸಿ ಯುವಕರನ್ನು ನೇಮಿಸಿಕೊಂಡು ಕಾದಾಟಕ್ಕೆ ದೂಡುವುದು ಸಂವಿಧಾನದ ೧೪ ಮತ್ತು ೨೧ನೆಯ ವಿಧಿಗಳಿಗೆ ವಿರುದ್ಧವೆಂದು ತೀರ್ಪು ಕೊಟ್ಟಿತು. ತೀರ್ಪು ಬಂದಾಗ ಎರ್ರಬೋರಿನ ಬೂದಿ ಆರಿ ಐದು ವರ್ಷವಾಗಿತ್ತು.

ಬಾಂಬು ಸಿಡಿದ ಮೇಲೆ ಆಗುವ ಎರಡನೆಯ ಅನಾಹುತ ಲೆಕ್ಕಕ್ಕೆ ಸಿಗುವಂಥದಲ್ಲ. ಅದು ಸಂಶಯ. ಬಾಂಬು ತಂದವಳು ನಿರಾಶ್ರಿತಳಂತೆಯೇ ಇದ್ದಳೆಂದ ಮೇಲೆ, ನಿರಾಶ್ರಿತರೆಲ್ಲರೂ ಬಾಂಬು ತಂದವರಂತೆ ಕಾಣತೊಡಗುತ್ತಾರೆ. ಬಾಗಿಲಲ್ಲಿ ತಪಾಸಣೆ ಹೆಚ್ಚುತ್ತದೆ, ಮುಳ್ಳುತಂತಿ ಬರುತ್ತದೆ, ಸೆರೆಯಿಂದ ತಪ್ಪಿಸಿಕೊಂಡು ಬಂದ ಹೆಣ್ಣುಮಗಳನ್ನು ನೆರೆಯವರೂ ಹತ್ತಿರ ಸೇರಿಸುವುದಿಲ್ಲ. ಶ್ರೀಲಂಕಾದಲ್ಲಿ ಯುದ್ಧ ಮುಗಿದ ೨೦೦೯ರ ನಡುಭಾಗದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ವವುನಿಯಾದ ಬಳಿಯ ಮೆನಿಕ್ ಫಾರಂ ಮೊದಲಾದ ಶಿಬಿರಗಳಲ್ಲಿ ತಂತಿಬೇಲಿಯೊಳಗೆ, ಹೊರಗೆ ಹೋಗಲು ಬಿಡದೆ, ತಿಂಗಳುಗಟ್ಟಲೆ ಇರಿಸಲಾಯಿತು. ಮೆನಿಕ್ ಫಾರಂ ಪೂರ್ತಿಯಾಗಿ ಮುಚ್ಚಿದ್ದು ೨೦೧೨ರ ಸೆಪ್ಟೆಂಬರಿನಲ್ಲಿ. ನೈಜೀರಿಯದಲ್ಲಿ ಸಂಶಯ ಇನ್ನೂ ಭೀಕರ ರೂಪ ತಾಳಿತು. ೨೦೧೭ರ ಜನವರಿ ೧೭ರಂದು ರಾನ್ ಎಂಬ ಊರಿನಲ್ಲಿ ನೆರೆದಿದ್ದ ನಿರಾಶ್ರಿತರನ್ನು ದಂಗೆಕೋರರ ಗುಂಪೆಂದು ತಪ್ಪು ತಿಳಿದು ಆ ದೇಶದ ವಾಯುಪಡೆಯೇ ಬಾಂಬು ಹಾಕಿತು. ಸತ್ತವರು ನೂರಕ್ಕೂ ಹೆಚ್ಚು. ಅವರಲ್ಲಿ ರೆಡ್ ಕ್ರಾಸಿನ ಸ್ವಯಂಸೇವಕರೂ ಇದ್ದರು. ದಂಗೆಕೋರರಿಂದ ಓಡಿಬಂದವರಿಗೆ ಸರ್ಕಾರದ ಕೈಯಿಂದಲೇ ಸಾವು ಬಂದಿತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಇದನ್ನೆಲ್ಲ ತಡೆಯಲು ಕಾನೂನಿಲ್ಲವೆ? ಇದೆ. ೧೯೪೯ರ ನಾಲ್ಕು ಜಿನೀವಾ ಒಪ್ಪಂದಗಳಿಗೂ ಸಮಾನವಾದ ಮೂರನೆಯ ವಿಧಿಯು, ಅಂತರ್ಯುದ್ಧದಲ್ಲಿಯೂ ಕಾದಾಟದಲ್ಲಿ ಪಾಲುಗೊಳ್ಳದವರನ್ನು ಕೊಲ್ಲಕೂಡದೆಂದು ವಿಧಿಸುತ್ತದೆ. ಅದು ಸರ್ಕಾರವನ್ನು ಕಟ್ಟುವಂತೆ ದಂಗೆಕೋರರನ್ನೂ ಕಟ್ಟುತ್ತದೆ. ಭಾರತ ಈ ಒಪ್ಪಂದಗಳಿಗಾಗಿ ೧೯೬೦ರಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಮಾಡಿದೆ. ೧೯೯೮ರಲ್ಲಿ ವಿಶ್ವಸಂಸ್ಥೆಯ ಮುಂದೆ ಬಂದ ಸ್ಥಳಾಂತರಿತರ ಬಗೆಗಿನ ಮಾರ್ಗದರ್ಶಿ ಸೂತ್ರಗಳಲ್ಲಿ ಹತ್ತನೆಯದು ಶಿಬಿರಗಳ ಮೇಲಿನ ದಾಳಿಯನ್ನು ಹೆಸರು ಹೇಳಿಯೇ ನಿಷೇಧಿಸುತ್ತದೆ. ಅದೇ ಸೂತ್ರ, ಸ್ಥಳಾಂತರಿತರನ್ನು ಸೈನಿಕ ನೆಲೆಗಳಿಗೆ ಗುರಾಣಿಯಾಗಿ ಬಳಸುವುದನ್ನೂ ನಿಷೇಧಿಸುತ್ತದೆಂಬುದು ಗಮನಾರ್ಹ. ಆಫ್ರಿಕದ ದೇಶಗಳು ೨೦೦೯ರಲ್ಲಿ ಕಂಪಾಲದಲ್ಲಿ ಕೂಡಿ ಇದನ್ನು ಒಡಂಬಡಿಕೆಯನ್ನಾಗಿ ಮಾಡಿಕೊಂಡವು. ಅದು ೨೦೧೨ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಆದರೆ ಬಾಂಬು ಕಟ್ಟಿ ಹುಡುಗಿಯನ್ನು ಕಳುಹಿಸುವವನು ವಿಧಿಗಳನ್ನು ಓದುವವನಲ್ಲ. ಆದುದರಿಂದ ಕಾನೂನಿನ ನಿಜವಾದ ಉಪಯೋಗ ಇನ್ನೊಂದು ಕಡೆಗಿದೆ. ಶಿಬಿರವನ್ನು ಕಟ್ಟುವವರು ಅದನ್ನು ಎಲ್ಲಿ, ಹೇಗೆ ಕಟ್ಟಬೇಕು, ಏನನ್ನು ಒಳಕ್ಕೆ ಬಿಡಬಾರದು ಎಂಬುದನ್ನು ಅದು ಕಲಿಸುತ್ತದೆ.

ಈ ಪಾಠವನ್ನು ತಿಳಿಯಲು ನಮ್ಮ ರಾಜ್ಯದ ಉದಾಹರಣೆಯೇ ಸಾಕು. ಟಿಬೆಟಿನಿಂದ ಬಂದವರಿಗೆ ೧೯೬೦ರ ಸುಮಾರಿನಲ್ಲಿ ಬೈಲಕುಪ್ಪೆಯಲ್ಲಿ, ಆಮೇಲೆ ಮುಂಡಗೋಡಿನಲ್ಲಿ ನೆಲೆ ಸಿಕ್ಕಿತು. ೧೯೬೪ರ ಭಾರತ–ಸಿಲೋನ್ ಒಪ್ಪಂದದ ಮೇರೆಗೆ ಬಂದ ತಮಿಳು ಕುಟುಂಬಗಳಿಗೆ ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳಲ್ಲಿ ಕೆಲಸ ದೊರೆಯಿತು. ಪೂರ್ವ ಬಂಗಾಳದಿಂದ ಬಂದವರು ಸಿಂಧನೂರು ತಾಲ್ಲೂಕಿನಲ್ಲಿ ಬೇಸಾಯಕ್ಕೆ ನಿಂತರು. ಅಲ್ಲಿನ ಊರುಗಳಿಗೆ 'ಕ್ಯಾಂಪು' ಎಂಬ ಹೆಸರೇನೋ ಉಳಿದಿದೆ. ಆದರೆ ಅವು ಊರುಗಳೇ, ಶಿಬಿರಗಳಲ್ಲ. ಯುದ್ಧಭೂಮಿಯಿಂದ ದೂರವಿದ್ದುದು ಇವರೆಲ್ಲರ ಪುಣ್ಯ. ಬಸ್ತರಿನ ಜೊತೆಗೆ ಇವನ್ನು ತೂಗುವುದು ಪೂರ್ತಿ ನ್ಯಾಯವಲ್ಲ. ಆದರೂ ಒಂದು ಮಾತು ನಿಲ್ಲುತ್ತದೆ. ಇವರ ಕೈಗೆ ಬಂದೂಕು ಕೊಡಲಿಲ್ಲ, ದುಡಿಮೆ ಕೊಟ್ಟರು. ಅನ್ನದ ಸಾಲಿನಲ್ಲಿ ವರ್ಷಾನುಗಟ್ಟಲೆ ನಿಲ್ಲಿಸಲಿಲ್ಲ, ಒಲೆ ಹಚ್ಚಿಕೊಳ್ಳಲು ಬಿಟ್ಟರು. ಶಿಬಿರ ಎಷ್ಟು ಬೇಗ ಊರಾಗುತ್ತದೆಯೋ ಅಷ್ಟು ಬೇಗ ಅದು ಗುರಿಯಾಗಿ ಉಳಿಯುವುದು ತಪ್ಪುತ್ತದೆ.

ಹಾಗೆಂದು ನಮ್ಮ ಬೆಂಗಳೂರು ಈ ವಿಷಯದಲ್ಲಿ ಪರೀಕ್ಷೆಗೆ ಒಳಗಾಗದೆ ಉಳಿದಿಲ್ಲ. ೨೦೧೨ರ ಜುಲೈಯಲ್ಲಿ ಅಸ್ಸಾಮಿನ ಕೊಕ್ರಜಾರ್ ಮೊದಲಾದ ಜಿಲ್ಲೆಗಳಲ್ಲಿ ಬೋಡೋ ಜನಕ್ಕೂ ಬಂಗಾಳಿ ಮಾತಿನ ಮುಸಲ್ಮಾನರಿಗೂ ಘರ್ಷಣೆಯಾಗಿ ನಾಲ್ಕು ಲಕ್ಷದಷ್ಟು ಜನ ಪರಿಹಾರ ಶಿಬಿರಗಳಿಗೆ ಸೇರಿದರು. ಆ ಸೀಮೆಯಲ್ಲಿ ಶಿಬಿರವೆಂದರೆ ಹಳೆಯ ಗಾಯ. ೧೯೯೪ರ ಜುಲೈಯಲ್ಲಿ ಬಾರ್ಪೇಟಾ ಜಿಲ್ಲೆಯ ಬಾಂಸ್‌ಬಾರಿ ಪರಿಹಾರ ಶಿಬಿರದ ಮೇಲೆ ಬೋಡೋ ಉಗ್ರರು ಬಿದ್ದು ಹತ್ತಾರು ಜನರನ್ನು ಕೊಂದಿದ್ದರು. ೨೦೧೨ರ ಆಗಸ್ಟ್ ೧೫ರ ಹೊತ್ತಿಗೆ, ಇಲ್ಲಿರುವ ಈಶಾನ್ಯದವರ ಮೇಲೆ ಹಲ್ಲೆಯಾಗಲಿದೆಯೆಂಬ ಗಾಳಿಸುದ್ದಿ ಮೊಬೈಲುಗಳಲ್ಲಿ ಹಬ್ಬಿತು. ಎರಡು ಮೂರು ದಿನಗಳಲ್ಲಿ ಸಾವಿರಾರು ಮಂದಿ ನಗರದ ರೈಲು ನಿಲ್ದಾಣದಲ್ಲಿ ಕಿಕ್ಕಿರಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಕೇಂದ್ರ ಸರ್ಕಾರ ಹದಿನೈದು ದಿನಗಳ ಕಾಲ ಸಗಟು ಸಂದೇಶಗಳನ್ನು ನಿಷೇಧಿಸಿತು. ನಾನಾಗ ಪ್ರಾಥಮಿಕ ಶಾಲೆಯ ಹುಡುಗ. ನಮ್ಮ ಬೀದಿಯ ಹೋಟೆಲಿನಲ್ಲಿ ತಟ್ಟೆ ಎತ್ತುತ್ತಿದ್ದ ಅಸ್ಸಾಮಿನ ಇಬ್ಬರು ಹುಡುಗರು ಒಂದು ಸಂಜೆ ಬಂದು ಮಾಲೀಕರಿಂದ ಸಂಬಳದ ಲೆಕ್ಕ ಕೇಳಿದರು. "ಇರ್ರಪ್ಪ, ನಾವೆಲ್ಲ ಇದ್ದೀವಿ" ಎಂದು ಅವರು ಎಷ್ಟು ಹೇಳಿದರೂ ನಿಲ್ಲಲಿಲ್ಲ. ಒಬ್ಬ ಮರಳಿ ಬಂದ; ಇನ್ನೊಬ್ಬ ಬರಲೇ ಇಲ್ಲ. ಇಲ್ಲಿ ಬಾಂಬು ಸಿಡಿಯಲಿಲ್ಲ, ಶಿಬಿರವೂ ಇರಲಿಲ್ಲ. ಹಗ್ಗವನ್ನು ಹಾವೆಂದು ತೋರಿಸಿದ್ದಷ್ಟೆ. ಅಷ್ಟಕ್ಕೇ ನೆಮ್ಮದಿಯ ಊರಿನಿಂದ ಜನ ಶಿಬಿರಗಳು ತುಂಬಿದ್ದ ಸೀಮೆಯ ಕಡೆಗೆ ಓಡಿದರು. ಭಯವನ್ನು ಬಿತ್ತುವವನಿಗೆ ಬಾಂಬು ಒಂದು ಸಾಧನ ಮಾತ್ರವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇಷ್ಟು ವಿಚಾರದಿಂದ ಹೊರಡುವ ನಿರ್ಣಯಗಳನ್ನು ಹೀಗೆ ಹೇಳಬಹುದು. ಶಿಬಿರ ಕಾದಾಟದ ಜಾಗದಿಂದಲೂ ಸೈನ್ಯದ ಠಾಣೆಯಿಂದಲೂ ದೂರವಿರಬೇಕು. ಕಾವಲು ಹೊರಗಿರಬೇಕು, ಒಳಗಿನ ಆಡಳಿತ ನಾಗರಿಕರ ಕೈಯಲ್ಲಿರಬೇಕು. ಅಲ್ಲಿಂದ ಹೋರಾಟಕ್ಕೆ ಆಳು ಸೇರಿಸಕೂಡದು. ಅನ್ನ ನೀರುಗಳಿಗೆ ಒಂದೇ ದೊಡ್ಡ ಸಾಲಿನ ಬದಲು ಹಲವು ಸಣ್ಣ ಸಾಲುಗಳಿರಬೇಕು. ಬಾಗಿಲ ತಪಾಸಣೆಗೆ ಹೆಂಗಸರೂ ಇರಬೇಕು, ತಪಾಸಣೆ ಅವಮಾನವಾಗಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಬಂದವರು ಬೇಗ ತಮ್ಮ ಮನೆಗೋ ಹೊಸ ನೆಲಕ್ಕೋ ತಲಪುವಂತಾಗಬೇಕು.

ಇವು ಸರ್ಕಾರಗಳ ಕೆಲಸ, ವಿದ್ಯಾರ್ಥಿಗಳಿಗೇನು ಎಂದು ಕೇಳಬಹುದು. ಮಣಿಪುರದಲ್ಲಿ ೨೦೨೩ರ ಮೇ ೩ರಂದು ಆರಂಭವಾದ ಗಲಭೆಯಲ್ಲಿ ಸುಮಾರು ಅರವತ್ತು ಸಾವಿರ ಜನ ಮನೆ ಬಿಟ್ಟರು. ಹಾಗೆ ಮನೆ ಬಿಟ್ಟವರ ಮಕ್ಕಳು ಓದಿಗೆ, ಉದ್ಯೋಗಕ್ಕೆ ಹುಡುಕುವ ಊರುಗಳಲ್ಲಿ ಬೆಂಗಳೂರೂ ಒಂದು. ಅವರಿಗೆ ಬಾಡಿಗೆಗೆ ಕೋಣೆ ಕೊಡುವಾಗ, ತರಗತಿಯ ಬೆಂಚಿನಲ್ಲಿ ಜಾಗ ಬಿಡುವಾಗ ನಾವು ಸಂಶಯದಿಂದ ನೋಡಿದರೆ, ದಿಕ್ವಾದ ಬಾಂಬು ಮಾಡಬೇಕೆಂದಿದ್ದ ಕೆಲಸವನ್ನು ನಾವೇ ಮುಂದುವರಿಸಿದಂತಾಗುತ್ತದೆ. ಇನ್ನು ಗಾಳಿಸುದ್ದಿಯ ಸಂದೇಶ ನಮ್ಮ ಕೈಗೆ ಬಂದರೆ, ಅದನ್ನು ಇನ್ನೊಬ್ಬರಿಗೆ ಕಳುಹಿಸುವ ಮೊದಲು ಪಕ್ಕದ ಬೆಂಚಿನ ಈಶಾನ್ಯದ ಗೆಳೆಯನ ಬಳಿಗೆ ಹೋಗಿ ಒಂದು ಮಾತು ಕೇಳೋಣ: "ಊರಲ್ಲಿ ಎಲ್ಲರೂ ಕ್ಷೇಮವೇನಪ್ಪ?" ಆ ಪ್ರಶ್ನೆಗೆ ಖರ್ಚಿಲ್ಲ. ೨೦೧೨ರ ಆ ಮೂರು ದಿನಗಳಲ್ಲಿ ಅದನ್ನು ಕೇಳಿದವರು ಇನ್ನಷ್ಟು ಮಂದಿ ಇದ್ದಿದ್ದರೆ, ರೈಲಿನಲ್ಲಿ ಅಷ್ಟು ನೂಕುನುಗ್ಗಲು ಇರುತ್ತಿರಲಿಲ್ಲವೆಂದು ನನ್ನ ನಂಬಿಕೆ.